ಪಾಂಪೆ: ಬೂದಿಯಡಿ ಉಳಿದ ದಿನಚರಿ

ಇಟಲಿಯ ನೇಪಲ್ಸ್ ಬಳಿಯ ಪಾಂಪೆ ನಗರ ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋಯಿತು. ಅದನ್ನು ದೂರದಿಂದ ಕಣ್ಣಾರೆ ಕಂಡವನು ರೋಮನ್ ಲೇಖಕ ಕಿರಿಯ ಪ್ಲಿನಿ. ಅದರ ಬಗ್ಗೆ ಅವನು ಪತ್ರ ಬರೆದದ್ದು ಇತಿಹಾಸಕಾರ ಟ್ಯಾಸಿಟಸ್‌ಗೆ. ಉತ್ಖನನ ಆರಂಭ 1748. ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರ್ಪಡೆ 1997.

ಜನಸಾಮಾನ್ಯರ ಬದುಕು ತಿಳಿಯಲು ದೇವಾಲಯ ಬಿಟ್ಟು ಬೀದಿಗಿಳಿಯಬೇಕು. ಒಂದು ಬೇಕರಿಯ ಒಲೆಯಲ್ಲಿ 81 ಬ್ರೆಡ್ಡುಗಳು ಸಿಕ್ಕಿವೆ. ಸುಟ್ಟು ಇದ್ದಿಲಾದರೂ ಆಕಾರ ಕೆಟ್ಟಿಲ್ಲ: ದುಂಡಗೆ, ಮುರಿದುಕೊಳ್ಳಲು ಮೇಲೆ ಗೆರೆ ಕೊರೆದವು. ಅಲ್ಲಿನ ಬೀಸುವ ಕಲ್ಲು ಲಾವಾ ಶಿಲೆಯದು. ತಿರುಗಿಸುತ್ತಿದ್ದುದು ಕತ್ತೆಗಳು, ಗುಲಾಮರು. ‘ಥರ್ಮೋಪೋಲಿಯಂ’ ಎಂದರೆ ಕಟ್ಟೆಯೊಳಗೆ ಮಣ್ಣಿನ ಗುಡಾಣ ಹೂತ ಬೀದಿಬದಿಯ ಊಟದಂಗಡಿ. ನಮ್ಮ ದರ್ಶಿನಿಯ ಅಜ್ಜಿ ಎನ್ನಿ. ಅಗಸರು ಬಟ್ಟೆಯ ಕೊಳೆ ತೆಗೆಯಲು ಮೂತ್ರ ಬಳಸುತ್ತಿದ್ದರು. ಕೆಲಸ ಮಾಡುತ್ತಿದ್ದುದು ಅದರ ಅಮೋನಿಯಾ. ಗೋಡೆಗಳ ತುಂಬ ಚುನಾವಣಾ ಬರಹ. ಮತದ ಹಕ್ಕಿಲ್ಲದ ಹೆಂಗಸರೂ ಹೆಸರು ಹಾಕಿ ಅಭ್ಯರ್ಥಿಗಳನ್ನು ಬೆಂಬಲಿಸಿದ್ದಾರೆ.

ಭಾರತದ ನಂಟು: 1938ರಲ್ಲಿ ಇಲ್ಲಿ ಸಿಕ್ಕ ದಂತದ ಪ್ರತಿಮೆ ‘ಪಾಂಪೆ ಲಕ್ಷ್ಮಿ’. ಹೆಸರು ಲಕ್ಷ್ಮಿಯಾದರೂ ಯಕ್ಷಿ ಎನ್ನುವ ವಿದ್ವಾಂಸರೂ ಇದ್ದಾರೆ. ಅದು ಇರುವುದು ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿ.