ಪರದೇಶಗಳಲ್ಲಿ ಉಳಿದ ನಮ್ಮ ಚೀಟಿ ಬಟ್ಟೆಗಳು

ಕಲ್ಲಿನಲ್ಲಿ ಕೆತ್ತಿದ ಹೂವು ಸಾವಿರ ವರ್ಷ ಬಾಳುತ್ತದೆ. ಬಟ್ಟೆಯ ಮೇಲೆ ಬರೆದ ಹೂವಿಗೆ ಆ ಭಾಗ್ಯವಿಲ್ಲ. ಬಿಸಿಲು, ಮಳೆಗಾಲದ ತೇವ, ಗೆದ್ದಲು, ನುಸಿ, ಎಲ್ಲಕ್ಕೂ ಮಿಗಿಲಾಗಿ ದಿನನಿತ್ಯದ ಬಳಕೆ, ಇವು ಸೇರಿ ಅದನ್ನು ಕೆಲವೇ ತಲೆಮಾರುಗಳಲ್ಲಿ ಇಲ್ಲವಾಗಿಸುತ್ತವೆ. ಉಟ್ಟು ಹಳತಾದ ಸೀರೆ ನಮ್ಮ ಮನೆಗಳಲ್ಲಿ ಕೌದಿಯಾಗುತ್ತದೆ. ಕೌದಿ ಹರಿದ ಮೇಲೆ ಒರೆಸುವ ಅರಿವೆಯಾಗುತ್ತದೆ. ಅಲ್ಲಿಗೆ ಅದರ ಕಥೆ ಮುಗಿಯಿತು.

ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ ರಾಜನು ಉಡುವ ತೊಡುವ ವಸ್ತ್ರಗಳಿಗೆಂದೇ ಒಂದು ಪ್ರಕರಣವಿದೆ. ಯಾವ ಯಾವ ನಾಡಿನ ಬಟ್ಟೆಗಳು ಶ್ರೇಷ್ಠವೆನಿಸಿದ್ದವು, ಅವುಗಳ ಬಣ್ಣಗಳೇನು ಎಂಬುದು ಅಲ್ಲಿ ದೊರೆಯುತ್ತದೆ. ಆದರೆ ಆ ಬಟ್ಟೆಗಳಲ್ಲಿ ಇದೊಂದು ಎಂದು ಕೈಯಿಟ್ಟು ತೋರಿಸಬಹುದಾದ ಒಂದು ಗೇಣು ತುಂಡೂ ನಮಗೆ ಉಳಿದಿಲ್ಲ. ಹೆಸರು ಉಳಿಯಿತು, ವಸ್ತ್ರ ಹೋಯಿತು. ಹಾಗಾದರೆ ಭಾರತದ ಹಳೆಯ ಹೂಬಟ್ಟೆಗಳನ್ನು ಕಣ್ಣಾರೆ ನೋಡಬೇಕೆನ್ನುವವನು ಎಲ್ಲಿಗೆ ಹೋಗಬೇಕು? ಈಜಿಪ್ಟ್ ದೇಶದ ಒಂದು ಕಸದ ದಿಬ್ಬದಿಂದ ಅವನ ಹುಡುಕಾಟ ಆರಂಭವಾಗಬೇಕು.

ಈಗಿನ ಕೈರೋ ನಗರದ ದಕ್ಷಿಣಕ್ಕೆ ಫುಸ್ತಾತ್ ಎಂಬ ಹಳೆಯ ಪಟ್ಟಣವಿತ್ತು. ಅರಬ್ಬರು 7ನೆಯ ಶತಮಾನದಲ್ಲಿ ಕಟ್ಟಿದ ಆ ಪಟ್ಟಣಕ್ಕೆ 1168ರಲ್ಲಿ ಬೆಂಕಿ ಬಿತ್ತು. ಮುಂದೆ ಅದರ ಬಹುಭಾಗ ಪಾಳುಬಿದ್ದು, ಕೈರೋದ ಜನರು ಕಸ ಸುರಿಯುವ ಬಯಲಾಯಿತು. ಮಳೆ ಎಂಬುದು ಅಲ್ಲಿ ಅಪರೂಪ. ಒಣಗಿದ ಮರಳಿನಲ್ಲಿ ಹೂತ ಚಿಂದಿ ಕೊಳೆಯದೆ ಉಳಿಯಿತು. 19ನೆಯ ಶತಮಾನದ ಕೊನೆಯಿಂದ ಈಚೆಗೆ ಅಲ್ಲಿ ಅಗೆದಾಗ ಕೆಂಪು ಮತ್ತು ನೀಲಿ ಬಣ್ಣಗಳಲ್ಲಿ ಅಚ್ಚೊತ್ತಿದ ಹತ್ತಿಬಟ್ಟೆಯ ಚೂರುಗಳು ಸಾವಿರಾರು ಸಂಖ್ಯೆಯಲ್ಲಿ ಹೊರಬಿದ್ದವು. ಇವು ಅರಸರ ಉಡುಗೆಗಳಲ್ಲ. ಹೊಲಿಗೆಯ ಗುರುತು, ತೇಪೆಯ ಗುರುತು ಅನೇಕ ಚೂರುಗಳ ಮೇಲಿವೆ. ಸಾಮಾನ್ಯ ಜನರು ತೊಟ್ಟು, ಹಾಸಿ, ಹೊದ್ದು, ಸವೆಸಿ ಎಸೆದ ಬಟ್ಟೆಗಳಿವು.

ಇವು ಭಾರತದವೆಂದು ತಿಳಿದದ್ದು ಹೇಗೆ? ವಿದ್ಯಾರ್ಥಿಗಳು ಇದನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಫ್ರಾನ್ಸಿನ ವಿದ್ವಾಂಸ ಫಿಸ್ಟರ್ 1938ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವುಗಳ ಮೂಲವನ್ನು ವಿಚಾರಿಸಿದನು. ಬಟ್ಟೆಯ ಮೇಲಿನ ಬಳ್ಳಿ, ಹಂಸ, ಪದ್ಮಗಳು ಗುಜರಾತಿನ ಕಟ್ಟಡಗಳ ಕೆತ್ತನೆಯಲ್ಲಿಯೂ ಇರುವುದು ಒಂದು ಸುಳಿವು. ಅದಕ್ಕಿಂತ ಬಲವಾದ ಸುಳಿವು ನೂಲಿನ ಹುರಿಯಲ್ಲಿದೆ. ನೂಲುವಾಗ ಎಳೆಯನ್ನು ಬಲಕ್ಕಾದರೂ ತಿರುಗಿಸಬಹುದು, ಎಡಕ್ಕಾದರೂ ತಿರುಗಿಸಬಹುದು. ಈಜಿಪ್ಟಿನವರು ಬಹುಕಾಲ ಅಗಸೆಯ ನಾರನ್ನು ನೂತವರು. ಆ ನಾರು ಒದ್ದೆಯಾಗಿ ಒಣಗುವಾಗ ತಾನಾಗಿಯೇ ಒಂದು ಕಡೆಗೆ ತಿರುಗುತ್ತದೆ. ಅವರ ಕೈಯೂ ಆ ಕಡೆಗೇ ಪಳಗಿತು. ಭಾರತದ ಹತ್ತಿನೂಲಿನ ಹುರಿ ಅದಕ್ಕೆ ವಿರುದ್ಧ ದಿಕ್ಕಿನದು. ನಮ್ಮ ನೂಲನ್ನು ನೆಟ್ಟಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಹುರಿಯ ಗೆರೆಗಳು ಕೆಳಗೆ ಎಡದಿಂದ ಮೇಲೆ ಬಲಕ್ಕೆ ಏರುತ್ತವೆ. ನೂಲಿದ ಹೆಂಗಸಿನ ಹೆಸರು, ಊರು ಯಾವುದೂ ಉಳಿದಿಲ್ಲ. ಅವಳ ಬೆರಳು ತಿರುಗಿದ ದಿಕ್ಕು ಮಾತ್ರ ಉಳಿದಿದೆ, ಅದೇ ಸಾಕ್ಷಿಯಾಗಿದೆ.

ವಿಷಾದದ ಸಂಗತಿಯೊಂದಿದೆ. ಈ ಚೂರುಗಳಲ್ಲಿ ಹೆಚ್ಚಿನವು ಕ್ರಮವಾದ ಉತ್ಖನನದಿಂದ ಬಂದವಲ್ಲ. ಕೈರೋದ ವ್ಯಾಪಾರಿಗಳು ಸಂಗ್ರಾಹಕರಿಗೆ ಮಾರಿದವು. ಯಾವ ಆಳದಲ್ಲಿ, ಯಾವ ನಾಣ್ಯದ ಪಕ್ಕದಲ್ಲಿ, ಯಾವ ಮಡಕೆಯೊಡನೆ ಸಿಕ್ಕಿತೆಂಬ ವಿವರ ಬರೆದಿಟ್ಟಿದ್ದರೆ ಅವುಗಳ ಕಾಲವನ್ನು ಸುಲಭವಾಗಿ ಹೇಳಬಹುದಿತ್ತು. ವಿಳಾಸ ಕಳೆದುಕೊಂಡ ಬಟ್ಟೆ ಅರ್ಧ ಮೂಕವಾಯಿತು. ನ್ಯೂಬೆರಿ ದಂಪತಿಗಳು ಸಂಗ್ರಹಿಸಿದ ಸುಮಾರು 1,200 ಭಾರತೀಯ ಚೂರುಗಳು 1946ರಲ್ಲಿ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯವನ್ನು ಸೇರಿದವು. ರೂತ್ ಬಾರ್ನ್ಸ್ ಎಂಬ ವಿದುಷಿ ಅವನ್ನೆಲ್ಲ ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದರು. ಇಂಗಾಲದ ಪರೀಕ್ಷೆಯಿಂದ ಕೆಲವು ಚೂರುಗಳು ಕ್ರಿ.ಶ. 10ನೆಯ ಶತಮಾನದ ಸುಮಾರಿನವೆಂದು ತಿಳಿದುಬಂದಿತು. ಅಲ್ಲಿಯವರೆಗೆ ಅಷ್ಟು ಹಿಂದಕ್ಕೆ ಹೋಗಲು ಪಂಡಿತರು ಅಳುಕುತ್ತಿದ್ದರು.

ಅದೇ ಫುಸ್ತಾತಿನ ಯೆಹೂದ್ಯರ ಪ್ರಾರ್ಥನಾಮಂದಿರದಲ್ಲಿ ಹಳೆಯ ಕಾಗದಗಳನ್ನು ಹಾಕುವ ಕೋಣೆಯೊಂದಿತ್ತು. 12ನೆಯ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ ವ್ಯಾಪಾರ ನಡೆಸಿದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳು ಅಲ್ಲಿ ದೊರೆತಿವೆ. ಅವನು ಮಂಗಳೂರಿಗೆ ಬಂದುದೂ ಸೋಮೇಶ್ವರನು 'ಮಾನಸೋಲ್ಲಾಸ'ವನ್ನು ಬರೆದುದೂ ಹತ್ತಿರ ಹತ್ತಿರದ ವರ್ಷಗಳಲ್ಲಿ. ಸಮುದ್ರ ಆಗ ಗಡಿಯಾಗಿರಲಿಲ್ಲ, ದಾರಿಯಾಗಿತ್ತು.

ಇಷ್ಟು ದೂರದ ಜನರು ನಮ್ಮ ಬಟ್ಟೆಯನ್ನು ಬಯಸಿದುದೇಕೆ? ತೊಳೆದರೂ ಅದರ ಬಣ್ಣ ಹೋಗುತ್ತಿರಲಿಲ್ಲ ಎಂಬುದೇ ಮುಖ್ಯ ಕಾರಣ. ಉಣ್ಣೆಗೂ ರೇಷ್ಮೆಗೂ ಬಣ್ಣ ಸುಲಭವಾಗಿ ಹತ್ತುತ್ತದೆ. ಹತ್ತಿ ಹಟಮಾರಿ, ಅದಕ್ಕೆ ಬಣ್ಣವನ್ನು ಕಚ್ಚಿಸಲು ನಡುವೆ ಇನ್ನೊಂದು ವಸ್ತು ಬೇಕು. ಆ ವಿದ್ಯೆಯಲ್ಲಿ ಭಾರತದ ಬಣ್ಣಗಾರರಿಗೆ ಸಮಾನರಿರಲಿಲ್ಲ. ಮಚಲೀಪಟ್ಟಣ, ಶ್ರೀಕಾಳಹಸ್ತಿ ಮೊದಲಾದ ಪೂರ್ವ ಕರಾವಳಿಯ ಕಡೆಯ ಊರುಗಳ ಪದ್ಧತಿಯನ್ನು ನೋಡೋಣ. ಬಟ್ಟೆಯನ್ನು ಮೊದಲು ಅಳಲೆಕಾಯಿಯ ಕಷಾಯ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸಿ ಒಣಗಿಸುತ್ತಾರೆ. ಹಾಲಿನ ಜಿಡ್ಡಿನಿಂದ ಮೇಲೆ ಎಳೆಯುವ ಗೆರೆ ಹರಡುವುದಿಲ್ಲ. ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹುಳಿಯಿಸಿ ತೆಗೆದ ದ್ರವದಿಂದ ಬಿದಿರಿನ ಲೇಖನಿಯಲ್ಲಿ ಗೆರೆ ಎಳೆದರೆ, ಅಳಲೆಯ ಒಗರನ್ನು ಮುಟ್ಟಿದೊಡನೆ ಅದು ಕಪ್ಪಾಗುತ್ತದೆ. ಕೆಂಪು ಬರಬೇಕಾದ ಕಡೆ ಪಟಿಕದ ನೀರನ್ನು ಹಚ್ಚುತ್ತಾರೆ. ಅದಕ್ಕೆ ಬಣ್ಣವೇ ಇಲ್ಲ. ಬಳಿಕ ಇಡೀ ಬಟ್ಟೆಯನ್ನು ಚಾಯದ ಬೇರಿನ ನೀರಿನಲ್ಲಿ ಕುದಿಸಿದಾಗ ಪಟಿಕ ತಗುಲಿದ ಜಾಗವೆಲ್ಲ ಕೆಂಪಗೆ ಅರಳುತ್ತದೆ. ಉಳಿದೆಡೆ ಮಂಕಾಗಿ ಹತ್ತಿದ ಬಣ್ಣವನ್ನು ಸಗಣಿನೀರಿನಲ್ಲಿ ನೆನೆಸಿ, ಬಿಸಿಲಿಗೆ ಹಾಸಿ, ತೊಳೆದು ತೆಗೆಯುತ್ತಾರೆ. ಕಾಣದಂತೆ ಬರೆದ ಚಿತ್ರ ಕುದಿಯುವ ಹಂಡೆಯಲ್ಲಿ ಕಾಣಿಸಿಕೊಳ್ಳುವ ಈ ಘಟ್ಟವನ್ನು ನಮ್ಮ ರಸಾಯನಶಾಸ್ತ್ರದ ಪಾಠಗಳಲ್ಲಿ ಏಕೆ ತೋರಿಸುವುದಿಲ್ಲವೋ ತಿಳಿಯದು.

ನೀಲಿಯ ಬಗೆ ಬೇರೆ. ಅದಕ್ಕೆ ಪಟಿಕ ಬೇಡ. ಆದರೆ ಅದನ್ನು ಲೇಖನಿಯಿಂದ ಬರೆಯುವುದು ಕಷ್ಟ. ಆದುದರಿಂದ ನೀಲಿ ಬೇಕಾದ ಜಾಗವನ್ನು ಬಿಟ್ಟು ಉಳಿದುದನ್ನೆಲ್ಲ ಮೇಣದಿಂದ ಮುಚ್ಚಿ, ಬಟ್ಟೆಯನ್ನು ನೀಲಿಯ ಗುಡಾಣದಲ್ಲಿ ಅದ್ದುತ್ತಿದ್ದರು. ಹೊರಗೆ ತೆಗೆದಾಗ ಹಸುರಾಗಿರುವ ಬಟ್ಟೆ ಗಾಳಿ ತಗುಲಿ ನೀಲಿಯಾಗುತ್ತದೆ. ಕೊನೆಗೆ ಹಳದಿಯನ್ನು ಮೇಲೆ ಬಳಿಯುವುದು. ನೀಲಿಯ ಮೇಲೆ ಹಳದಿ ಬಿದ್ದರೆ ಎಲೆಯ ಹಸುರು. ಈ ಹಳದಿ ಎಲ್ಲಕ್ಕಿಂತ ದುರ್ಬಲ. ಸಂಗ್ರಹಾಲಯಗಳಲ್ಲಿರುವ ಅನೇಕ ಹಳೆಯ ಬಟ್ಟೆಗಳಲ್ಲಿ ಎಲೆಗಳೆಲ್ಲ ನೀಲಿಯಾಗಿ ತೋರುವುದಕ್ಕೆ ಇದೇ ಕಾರಣ. ಚಿತ್ರಕಾರನು ನೀಲಿ ಎಲೆಯನ್ನು ಬರೆಯಲಿಲ್ಲ; ಹಳದಿ ಅವನ ಕೈಬಿಟ್ಟಿತು.

17ನೆಯ ಶತಮಾನದಲ್ಲಿ ಈ ಬಟ್ಟೆ ಯುರೋಪನ್ನು ಮುಟ್ಟಿತು. ನಾವು ಚೀಟಿ ಎನ್ನುವ ಮಾತೂ ಇಂಗ್ಲಿಷರ ಚಿಂಟ್ಜ್ ಎಂಬ ಮಾತೂ ಒಂದೇ ಬೇರಿನವು. ಮಂಚದ ಮೇಲೆ ಹಾಸುವ ದೊಡ್ಡ ಚೀಟಿಯಲ್ಲಿ ಬಂಡೆಯ ಮೇಲೆ ಬೆಳೆದ ಒಂದು ಮರ, ಅದರಲ್ಲಿ ಲೋಕದಲ್ಲಿಲ್ಲದ ಹತ್ತಾರು ಬಗೆಯ ಹೂಗಳು ಇರುತ್ತಿದ್ದವು. ಇದು ಅಪ್ಪಟ ಭಾರತೀಯ ಕಲ್ಪನೆಯೆಂದು ನಾವು ಹೆಮ್ಮೆಪಡುವ ಮೊದಲು ಒಂದು ಸಂಗತಿಯನ್ನು ತಿಳಿಯಬೇಕು. 1643ರಲ್ಲಿಯೇ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯವರು, ಕೆಂಪು ನೆಲದ ಹಾಸುಗಳು ಎಲ್ಲರಿಗೂ ಹಿಡಿಸುವುದಿಲ್ಲ, ಬಿಳಿಯ ನೆಲದ ಮೇಲೆ ಬಣ್ಣದ ಹೂಬಳ್ಳಿ ಇರುವಂತೆ ಮಾಡಿಸಿ ಕಳುಹಿಸಿರಿ ಎಂದು ತಮ್ಮ ನೌಕರರಿಗೆ ಬರೆದಿದ್ದರು. ಜಾನ್ ಇರ್ವಿನ್ ಮೊದಲಾದ ವಿದ್ವಾಂಸರು ತೋರಿಸಿಕೊಟ್ಟಂತೆ, ಆ ಮರದಲ್ಲಿ ಪರ್ಷಿಯದ ಕೊಂಬೆ, ಚೀನದ ಬಂಡೆ, ಇಂಗ್ಲೆಂಡಿನ ಕಸೂತಿಯ ಎಲೆ ಎಲ್ಲವೂ ಕೂಡಿವೆ. ಕೂಡಿಸಿದ ಕೈ ಮಾತ್ರ ನಮ್ಮದು. ಅದೇನೂ ಕಡಮೆಯ ಮಾತಲ್ಲ.

ಬಟ್ಟೆ ಚೆನ್ನಾಗಿದ್ದುದೇ ಜಗಳಕ್ಕೆ ಕಾರಣವಾಯಿತು. ಫ್ರಾನ್ಸ್ 1686ರಲ್ಲಿ ಅದನ್ನು ನಿಷೇಧಿಸಿತು. ನಿಷೇಧ 1759ರವರೆಗೆ, 73 ವರ್ಷ ಜಾರಿಯಲ್ಲಿತ್ತು. ಇಂಗ್ಲೆಂಡಿನಲ್ಲಿ 1700 ಮತ್ತು 1721ರ ಶಾಸನಗಳು ಬಂದವು. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಯಲ್ಲಿ ಚೀಟಿಯ ಉಡುಪು ತೊಟ್ಟ ಹೆಂಗಸರ ಬಟ್ಟೆಗಳನ್ನು ಹರಿದುಹಾಕಿದರು. ಕೃತ್ಯ ಹೇಯವಾದುದು, ಆದರೆ ಅವರ ಮಗ್ಗಗಳು ನಿಂತು ಮನೆಯಲ್ಲಿ ಹಸಿವು ಹೊಕ್ಕಿತ್ತೆಂಬುದನ್ನೂ ಮರೆಯಬಾರದು. ನೂರು ವರ್ಷ ಕಳೆಯುವುದರೊಳಗೆ ಅದೇ ಹಸಿವು ಯಂತ್ರದ ಬಟ್ಟೆಯೊಡನೆ ನಮ್ಮ ನೇಕಾರರ ಮನೆಗೆ ಬಂದಿತು. ಕಾನೂನು ಎಷ್ಟು ಬಿಗಿಯಾಗಿತ್ತೆಂದರೆ, ಪ್ರಸಿದ್ಧ ನಟ ಡೇವಿಡ್ ಗ್ಯಾರಿಕ್‌ನ ಪತ್ನಿಗೆ ಕಲ್ಕತ್ತೆಯಿಂದ ಉಡುಗೊರೆಯಾಗಿ ಬಂದ ಮಂಚದ ತೆರೆಗಳನ್ನು ಸುಂಕದವರು ಹಿಡಿದಿಟ್ಟರು. ಅವನು 1775ರಲ್ಲಿ ಅಧಿಕಾರಿಗೆ ಪತ್ರ ಬರೆದು ಬೇಡಿಕೊಳ್ಳಬೇಕಾಯಿತು. ಆ ಮಂಚ ಈಗ ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ.

ತರಲು ಬಾರದ ಬಟ್ಟೆಯನ್ನು ತಾವೇ ಮಾಡಿಕೊಳ್ಳುವ ಆಸೆ ಸಹಜ. ಬೋಲ್ಯೂ ಎಂಬ ಫ್ರೆಂಚ್ ನೌಕಾಧಿಕಾರಿ 1734ರ ಸುಮಾರಿಗೆ ಪುದುಚೇರಿಯಲ್ಲಿ ಬಣ್ಣಗಾರರ ಬಳಿ ಕುಳಿತು, ಪ್ರತಿಯೊಂದು ಹಂತ ಮುಗಿದಾಗಲೂ ಬಟ್ಟೆಯಿಂದ ಒಂದು ತುಂಡನ್ನು ಕತ್ತರಿಸಿ ತೆಗೆದಿಟ್ಟುಕೊಂಡನು. ಬರಹದೊಡನೆ ಆ ತುಂಡುಗಳು ಪ್ಯಾರಿಸ್ಸಿನಲ್ಲಿವೆ. ಎಂಟು ವರ್ಷಗಳ ಮೇಲೆ, 1742ರಲ್ಲಿ, ಕ್ರೈಸ್ತ ಪಾದ್ರಿ ಕೂರ್ದೂ ತನ್ನ ಶಿಷ್ಯರಾದ ಬಣ್ಣಗಾರರಿಂದ ಕೇಳಿ ತಿಳಿದು ದೀರ್ಘವಾದ ಪತ್ರವನ್ನು ಸ್ವದೇಶಕ್ಕೆ ಬರೆದನು. (ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ ಭಾಷೆಗಳಿಗೂ ಇರುವ ಸಂಬಂಧವನ್ನು ಮೊದಲಿಗೆ ಗುರುತಿಸಿದವರಲ್ಲಿ ಇವನೂ ಒಬ್ಬ.) ಇದನ್ನು ಕಳ್ಳತನವೆನ್ನುವವರುಂಟು. ನನಗೆ ಅಷ್ಟು ಸುಲಭವಾಗಿ ಹಾಗೆನ್ನಲು ಮನಸ್ಸು ಬಾರದು. ಆ ವಿದ್ಯೆಯಿಂದ ನಮ್ಮ ಬಣ್ಣಗಾರರಿಗೆ ಪೆಟ್ಟು ಬಿದ್ದುದು ನಿಜ. ಆದರೆ 18ನೆಯ ಶತಮಾನದಲ್ಲಿ ಅವರು ಹೇಗೆ ಕೆಲಸ ಮಾಡುತ್ತಿದ್ದರೆಂದು ಹಂತಹಂತವಾಗಿ ಇಂದು ನಮಗೆ ಹೇಳುತ್ತಿರುವುದೂ ಆ ಬರಹಗಳೇ. ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಹೋಗುವ ವಿದ್ಯೆಯನ್ನು ನಾವು ಬರೆದಿಟ್ಟುದು ಕಡಮೆ.

ಪೂರ್ವದಿಕ್ಕಿಗೆ ಹೋದ ಬಟ್ಟೆಗಳ ಗತಿ ಬೇರೆಯಾಯಿತು. ಲವಂಗ, ಜಾಯಿಕಾಯಿಗಳನ್ನು ಕೊಳ್ಳಲು ವರ್ತಕರು ನಾಣ್ಯದ ಬದಲು ಗುಜರಾತಿನ ಬಟ್ಟೆಯನ್ನು ಒಯ್ಯುತ್ತಿದ್ದರು. ಇಂಡೊನೇಷ್ಯದ ಸುಲಾವೆಸಿ ದ್ವೀಪದ ಬೆಟ್ಟಗಳಲ್ಲಿ ವಾಸಿಸುವ ತೊರಾಜ ಜನರು ಅವನ್ನು ಉಟ್ಟು ಹರಿಯಲಿಲ್ಲ. ಹಿರಿಯರಿಂದ ಬಂದ ಪವಿತ್ರ ವಸ್ತುಗಳೆಂದು ಮನೆತನದ ಸೊತ್ತಾಗಿ ಕಾಪಾಡಿ, ವಿಧಿಗಳ ದಿನ ಮಾತ್ರ ಹೊರತೆಗೆದರು. ಅಲ್ಲಿಂದ ಬಂದ ಕೆಲವು ಬಟ್ಟೆಗಳು 14ನೆಯ ಶತಮಾನದ ಸುಮಾರಿನವೆಂದು ಪರೀಕ್ಷೆಯಿಂದ ತಿಳಿದಿದೆ. ಅವು ಚೂರುಗಳಲ್ಲ, ಹಲವು ಮೊಳ ಉದ್ದದ ಇಡೀ ಬಟ್ಟೆಗಳು. ಫುಸ್ತಾತಿನ ಕಸದಲ್ಲಿ ದೊರೆತ ವಿನ್ಯಾಸವೇ ತೊರಾಜರ ಮನೆಯಲ್ಲಿ ಇಡಿಯಾಗಿ ದೊರೆತಿರುವುದುಂಟು. ಮಳೆ ಸುರಿಯುವ ನಾಡಿನಲ್ಲಿ, ಮರಳಿನ ಸಹಾಯವಿಲ್ಲದೆ, ಮನುಷ್ಯರ ಗೌರವವೊಂದೇ ಅವನ್ನು ಆರುನೂರು ವರ್ಷ ಉಳಿಸಿತು. ಜಪಾನಿನಲ್ಲಿಯೂ ಹೀಗೆಯೇ. ಹಿಕೋನೆಯ ಈ ಮನೆತನದ ಪಾಳೆಯಗಾರರು ಸಂಗ್ರಹಿಸಿದ 450 ಮಾದರಿ ತುಂಡುಗಳು ಟೋಕಿಯೋದ ರಾಷ್ಟ್ರೀಯ ಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಭಾರತದವು. ಅಲ್ಲಿನವರು ಇಂಥ ಒಂದು ಗೇಣು ಚೀಟಿ ಸಿಕ್ಕಿದರೂ ಚಹಾದ ಭರಣಿಗೆ ಚೀಲ ಹೊಲಿದು ಜೋಪಾನ ಮಾಡುತ್ತಿದ್ದರು.

ಎಷ್ಟೇ ಕಾಪಾಡಿದರೂ ಹಳೆಯ ಬಟ್ಟೆ ತನ್ನೊಳಗೇ ಶತ್ರುವನ್ನು ಇಟ್ಟುಕೊಂಡಿರುತ್ತದೆ. ಕಪ್ಪು ಗೆರೆಗೆ ಬಳಸಿದ ಕಬ್ಬಿಣ ಕಾಲಕ್ರಮದಲ್ಲಿ ಹತ್ತಿಯ ಎಳೆಯನ್ನೇ ತಿನ್ನುತ್ತದೆ. ಹೂವಿನ ಕೆಂಪು ಹಾಗೆಯೇ ಇದ್ದು ಅದರ ಸುತ್ತಲಿನ ಕಪ್ಪು ಅಂಚು ಉದುರಿ ಸಣ್ಣ ಬಿರುಕಾಗಿರುವುದನ್ನು ಸಂಗ್ರಹಾಲಯಗಳಲ್ಲಿ ಕಾಣಬಹುದು. ಬೆಳಕು ಮಾಡಿದ ಹಾನಿಯಂತೂ ಮರಳಿ ಸರಿಹೋಗುವುದಿಲ್ಲ. ಅದಕ್ಕೆಂದೇ ಅಂಥ ಕೊಠಡಿಗಳಲ್ಲಿ ದೀಪವನ್ನು ಮಂಕಾಗಿಡುತ್ತಾರೆ. ಅಲ್ಲಿ ಕತ್ತಲೆಯೆಂದು ದೂರುವವರು ಇದನ್ನು ನೆನೆಯಬೇಕು.

ನಮ್ಮ ವಿದ್ಯಾರ್ಥಿಗಳ ಮನೆಯ ಪೆಟ್ಟಿಗೆಗಳಲ್ಲಿಯೂ ಅಜ್ಜಿಯ ಕಾಲದ ಇಳಕಲ್ ಸೀರೆಯೋ, ಕಸೂತಿಯ ಕುಪ್ಪಸವೋ, ಚೀಟಿಯ ಅಸ್ತರಿ ಹಾಕಿದ ಕೌದಿಯೋ ಇರುವುದುಂಟು. ಅವನ್ನು ಸೋಪು ಹಾಕಿ ಉಜ್ಜಬೇಡಿರಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಮಡಿಕೆಯ ಗೆರೆಯಲ್ಲೇ ಬಟ್ಟೆ ಸೀಳುತ್ತದೆ. ಆಗಾಗ ಮಡಿಕೆ ಬದಲಿಸಿ, ಅಥವಾ ಒಗೆದು ಗಂಜಿ ಹೋದ ಬಿಳಿಯ ಹತ್ತಿಬಟ್ಟೆಯೊಡನೆ ಸುರುಳಿ ಸುತ್ತಿ ನೆರಳಿನಲ್ಲಿಡಬೇಕು. ತೂಗುಹಾಕುವುದು ಬೇಡ. ಬಟ್ಟೆ ಯಾರದು, ಯಾವ ಊರಿನಲ್ಲಿ ನೆಯ್ದುದು, ಯಾವ ಮದುವೆಗೆ ಬಂದುದು ಎಂಬುದನ್ನು ಅಜ್ಜಿಯನ್ನು ಕೇಳಿ, ಕಾಗದದ ತುಣುಕಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು, ದಾರದಿಂದ ಸಡಿಲವಾಗಿ ಕಟ್ಟಿಡಬೇಕು. ಗುಂಡುಸೂಜಿ ಚುಚ್ಚಬಾರದು, ಅದು ತುಕ್ಕು ಹಿಡಿಯುತ್ತದೆ.