ಮಲಗಿಯೇ ಮಾಡುವ ಯೋಗನಿದ್ರೆ

ಮಕ್ಕಳು ಕೆಲಸಕ್ಕೆ ಹೋದರೆ ಜುಫೈರ್‌ನ ಫ್ಲ್ಯಾಟ್‌ನಲ್ಲಿ ಹಗಲು ಉದ್ದ; ರಾತ್ರಿ ಊರಿನದೇ ಯೋಚನೆ, ನಿದ್ದೆಯಿಲ್ಲ. ಮುಂಗೇರ್‌ನ ಸ್ವಾಮಿ ಸತ್ಯಾನಂದ ಸರಸ್ವತಿಯವರು ತಂತ್ರಶಾಸ್ತ್ರದ ನ್ಯಾಸವನ್ನು ಆಧರಿಸಿ ರೂಪಿಸಿದ ಯೋಗನಿದ್ರೆಯನ್ನು ದಿನಕ್ಕೆ 20 ನಿಮಿಷ ಮಾಡಿ ನೋಡಿ.

ಮಂಚವೂ ಆದೀತು. ಏಸಿ ಇದೆಯಲ್ಲ, ಹೊದಿಕೆ ಇರಲಿ. ಅಂಗಾತ ಮಲಗಿದರೆ ಉಸಿರು ಕಟ್ಟುವವರು ದಿಂಬಿಗೆ ಒರಗಿಕೊಳ್ಳಿ. ಕಣ್ಣು ಮುಚ್ಚಿ, ಸಂಕಲ್ಪವನ್ನು ಮನಸ್ಸಿನಲ್ಲೇ ಮೂರು ಸಲ ಹೇಳಿಕೊಳ್ಳಿ. ಪೂಜೆಯ ಸಂಕಲ್ಪದಂತೆ ಗೋತ್ರ, ನಕ್ಷತ್ರ ಬೇಡ. ಮಕ್ಕಳಿಗಾಗಿ ಹೊರುವ ಹರಕೆಯೂ ಅಲ್ಲ. ನಿಮಗಾಗಿ ಒಂದೇ ಮಾತು: "ನಾನು ನೆಮ್ಮದಿಯಾಗಿದ್ದೇನೆ."

ಬಳಿಕ ಬಲಗೈ ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಅಂಗವನ್ನು ನೆನೆಯುತ್ತಾ ಹೋಗಿ, ಅಲುಗಾಡಿಸಬೇಡಿ. ನಡುವೆ ನಿದ್ದೆ ಬಂದರೆ ಬೇಸರ ಬೇಡ. ಕೊನೆಗೆ ಅದೇ ಸಂಕಲ್ಪ, ಮೂರು ಸಲ. ಬಲಮಗ್ಗುಲಿಗೆ ತಿರುಗಿ, ಸ್ವಲ್ಪ ಕೂತು, ಆಮೇಲೆ ಏಳಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದರೆ ತಲೆ ತಿರುಗಬಹುದು. ಮಾತ್ರೆಯನ್ನಂತೂ ಬಿಡಬೇಡಿ.