ಪ್ರಾತಃಕಾಲದ ಲಿಂಗಪೂಜೆ

ದಿನದ ಮೊದಲ ಹೊತ್ತನ್ನು ನಾವು ಯಾವುದಕ್ಕೆ ಒಪ್ಪಿಸುವೆವೋ ಉಳಿದ ದಿನವೂ ಬಹುಮಟ್ಟಿಗೆ ಅದರ ವಶವಾಗುವುದು. ಬೆಂಗಳೂರಿನ ಯಡಿಯೂರು ಹಿಂದೆ ಕೆರೆಯ ಬಳಿಯ ಹಳ್ಳಿ. 1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದ ಮೇಲೆ ಸುತ್ತಲೂ ನಗರ ಬೆಳೆಯಿತು. ಇಂದಿಗೂ ನಸುಕಿನಲ್ಲಿ ಆ ಕೆರೆಯ ಸುತ್ತ ನಡೆದಾಡುವವರುಂಟು. ಹೊತ್ತೇರುತ್ತಲೇ ವಾಹನಗಳ ಸದ್ದು ಎಲ್ಲವನ್ನೂ ಮುಚ್ಚುವುದು. ಅಷ್ಟರೊಳಗೆ ದೊರೆಯುವ ಶಾಂತಿಯನ್ನು ಗೃಹಸ್ಥರು ಹೇಗೆ ಬಳಸಿಕೊಳ್ಳಬೇಕು?

ಇದಕ್ಕಾಗಿ ದೂರ ಹೋಗಬೇಕಾದುದಿಲ್ಲ. ಸ್ನಾನ ಮಾಡಿ, ವಿಭೂತಿ ಧರಿಸಿ, ಗುರುವಿತ್ತ ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿರಿಸಿ, ನೀರೆರೆದು, ಪತ್ರೆಪುಷ್ಪಗಳನ್ನರ್ಪಿಸಿ, ಷಡಕ್ಷರಿಯನ್ನು ಜಪಿಸುತ್ತ ಲಿಂಗದಲ್ಲಿ ದೃಷ್ಟಿಯನ್ನು ನೆಲೆಗೊಳಿಸತಕ್ಕುದು. ದೃಷ್ಟಿ ನಿಂತರೆ ಉಸಿರು ನಿಧಾನವಾಗುವುದು; ಉಸಿರು ನಿಧಾನವಾದರೆ, ಕದಡಿದ ನೀರು ತಿಳಿಯಾಗುವಂತೆ, ಮನವೂ ತಿಳಿಯಾಗುವುದು. ಕಾಲು ಗಂಟೆಯಾದರೂ ಸರಿಯೆ, ಒಂದು ದಿನವೂ ತಪ್ಪಬಾರದು.

ಕಾಯಕವೇ ಕೈಲಾಸವೆಂದ ಮೇಲೆ ಪೂಜೆಗೇಕೆ ಹೊತ್ತು ಕಳೆಯಬೇಕೆಂದು ಕೆಲವರು ಕೇಳುವುದುಂಟು. ಇದಕ್ಕೆ ಉತ್ತರವು 12ನೆಯ ಶತಮಾನದ ಕಲ್ಯಾಣದಲ್ಲಿದೆ. ಆಯ್ದಕ್ಕಿ ಮಾರಯ್ಯನು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಆತನು ಎಂದಿಗಿಂತ ಹೆಚ್ಚು ತಂದನು. ಮಡದಿ ಲಕ್ಕಮ್ಮನು ಅದನ್ನು ಕಂಡು, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಹೇಳಿದಳೆಂದು ಪ್ರತೀತಿ. ಕೆಲಸವನ್ನು ಎಲ್ಲರೂ ಮಾಡುವರು. ಅದರೊಳಗೆ ನುಸುಳಿದ ಆಸೆಯನ್ನು ಗುರುತಿಸುವ ಕಣ್ಣು ತಿಳಿಯಾದ ಮನಕ್ಕೆ ಮಾತ್ರ ಇರುವುದು. ಬೆಳಗಿನ ಪೂಜೆಯು ಕಾಯಕಕ್ಕೆ ಎದುರಾದುದಲ್ಲ. ಬರಿಯ ದುಡಿಮೆಯನ್ನು ಕಾಯಕವನ್ನಾಗಿಸುವ ಸಾಧನವದು. ತಕ್ಕಡಿಯ ಮುಂದೆ, ಕಚೇರಿಯ ಮೇಜಿನ ಮುಂದೆ ನಮ್ಮ ಕೈ ಶುದ್ಧವಾಗಿರದಿದ್ದರೆ ಬೆಳಿಗ್ಗೆ ಆ ಕೈಯಲ್ಲಿ ಲಿಂಗವನ್ನಿರಿಸಿ ಫಲವೇನು?

ಇನ್ನೊಂದು ಮಾತು. ಲಕ್ಕಮ್ಮನ ವಿವೇಕವನ್ನು ಕೊಂಡಾಡುವ ನಾವು ನಮ್ಮ ಮನೆಯ ಲಕ್ಕಮ್ಮಂದಿರಿಗೆ ಬೆಳಗಿನ ಶಾಂತಿಯನ್ನು ಉಳಿಸಿದ್ದೇವೆಯೆ? ಲಿಂಗದೀಕ್ಷೆಗೆ ಹೆಣ್ಣು ಗಂಡೆಂಬ ಭೇದವಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಯಜಮಾನನು ನಿಶ್ಚಿಂತನಾಗಿ ಪೂಜೆಗೆ ಕುಳಿತಿರುವಾಗ ಗೃಹಿಣಿಯು ಒಲೆಗೂ ಮಕ್ಕಳ ಬುತ್ತಿಗೂ ನಡುವೆ ಓಡಾಡುವಳು. ಆಕೆಯ ಪೂಜೆ ಅವಸರದಲ್ಲಿ ನೀರೆರೆಯುವುದರಲ್ಲಿಯೇ ಮುಗಿಯುವುದು. ಒಬ್ಬರ ಶಾಂತಿಗೆ ಇನ್ನೊಬ್ಬರ ಅಶಾಂತಿಯು ಬೆಲೆಯಾದರೆ ಆ ಪೂಜೆಯು ಲಿಂಗಕ್ಕೆ ಮುಟ್ಟೀತೆ?

ಆದುದರಿಂದ ನಾಳೆ ಯಜಮಾನನು ಸ್ವಲ್ಪ ಮೊದಲೇ ಏಳಲಿ. ಹಾಲು ಕಾಯಿಸಲಿ, ಮಕ್ಕಳನ್ನು ಎಬ್ಬಿಸಿ ಸಿದ್ಧಗೊಳಿಸಲಿ. ಆಕೆಯು ನೆಮ್ಮದಿಯಿಂದ ಲಿಂಗದ ಮುಂದೆ ಕುಳಿತುಕೊಳ್ಳಲಿ. ಆ ಸೇವೆಯೂ ಪೂಜೆಯ ಅಂಗವೆಂದೇ ತಿಳಿಯತಕ್ಕುದು.